ಮುಟ್ಟಬೇಡಿ ಮಾವನ ಸ್ಪರ್ಶಲೋಕ

ಒಬ್ಬ ಮನುಷ್ಯ ಮೂವತ್ತೊಂದು ವರ್ಷ, ದಿನಕ್ಕೆ ಇನ್ನೂರು ಸಲ ಒಂದೇ ಮಾತು ಹೇಳಿದರೆ ಆ ಮಾತೇ ಅವನ ಹೆಸರಾಗಿಬಿಡುತ್ತದೆ. ವಸ್ತುಸಂಗ್ರಹಾಲಯದ ಮೂರನೇ ಕೋಣೆಯ ಕಾವಲುಗಾರನಿಗೆ ಆದದ್ದೂ ಅದೇ. ಹಾಜರಿ ಪುಸ್ತಕದಲ್ಲಿ ಅವನಿಗೆ ಬೇರೆ ಹೆಸರಿತ್ತು, ಆದರೆ ಅದನ್ನು ಕೂಗಿ ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಟಿಕೆಟ್ ಹರಿಯುವ ಹೆಂಗಸಿನಿಂದ ಹಿಡಿದು ಅವನ ಬೀದಿಯ ಮಕ್ಕಳವರೆಗೆ ಎಲ್ಲರಿಗೂ ಅವನು ಮುಟ್ಟಬೇಡಿ ಮಾವ.

ಒಂದನೇ ಕೋಣೆಯಲ್ಲಿ ರಾಜರ ಕತ್ತಿಗಳಿದ್ದವು, ಎರಡನೆಯದರಲ್ಲಿ ರಾಣಿಯರ ಒಡವೆಗಳು. ಮೂರನೆಯದರಲ್ಲಿ ರಾಜರೂ ರಾಣಿಯರೂ ಯಾರೆಂದೇ ತಿಳಿಯದ ಸಾಧಾರಣ ಜನರ ಮನೆಸಾಮಾನು: ಮೂಳೆಯ ಬಾಚಣಿಗೆ, ಉಪ್ಪು ಹಾಕಿಡುವ ಮರದ ಡಬ್ಬಿ, ಬೀಗವಿಲ್ಲದ ಕೀಲಿಕೈ, ಕನ್ನಡಿಯಿಲ್ಲದ ಚೌಕಟ್ಟು, ಹೆಬ್ಬೆರಳಿನಷ್ಟು ಗಾತ್ರದ, ಹಕ್ಕಿಯ ಆಕಾರದ ಒಂದು ಮಣ್ಣಿನ ಪೀಪಿ. ಒಟ್ಟು ಇನ್ನೂರ ಹದಿನಾಲ್ಕು ವಸ್ತುಗಳು, ಎಲ್ಲವೂ ಗಾಜಿನ ಬೀರುಗಳ ಒಳಗೆ. ಶೌಚಾಲಯಕ್ಕೆ ಹೋಗುವ ದಾರಿ ಆ ಕೋಣೆಯ ಮೂಲಕವೇ ಇದ್ದುದರಿಂದ ಜನಕ್ಕೇನೂ ಬರವಿರಲಿಲ್ಲ. ಹೋಗುವಾಗ ಆತುರದಲ್ಲಿ ಹೋಗುತ್ತಿದ್ದರು, ಬರುವಾಗ ನೆಮ್ಮದಿಯಿಂದ ಅಲ್ಲಿ ಇಲ್ಲಿ ನೋಡುತ್ತಾ ಗಾಜಿಗೆ ಮೂಗು ಒತ್ತುತ್ತಿದ್ದರು. ಮಾವನ ಕೆಲಸ ಶುರುವಾಗುತ್ತಿದ್ದದ್ದು ಆಗಲೇ.

ಅವನ ಬಾಯಲ್ಲಿ "ಮುಟ್ಟಬೇಡಿ" ಒಂದೇ ಮಾತಾಗಿ ಉಳಿದಿರಲಿಲ್ಲ. ಹಿರಿಯರಿಗೆ ಹೇಳುವಾಗ ಅದು ಕ್ಷೇಮಸಮಾಚಾರ ಕೇಳಿದಂತೆ ಇರುತ್ತಿತ್ತು, ಶಾಲೆಯ ಗುಂಪಿಗೆ ಗುಡುಗಿದಂತೆ. ಹೊಸದಾಗಿ ಮದುವೆಯಾದವರಿಗೆ ಮಾತ್ರ ಅವನು ಆ ಮಾತನ್ನು ಗೋಡೆಯ ಕಡೆ ನೋಡಿಕೊಂಡು ಹೇಳುತ್ತಿದ್ದ, ಅವರು ಮುಟ್ಟುತ್ತಿದ್ದದ್ದು ಯಾವಾಗಲೂ ಗಾಜನ್ನೇ ಆಗಿರುತ್ತಿರಲಿಲ್ಲ. ತಾನು ಮಾದರಿಯಾಗಿರಬೇಕೆಂದು ಅವನು ಎರಡೂ ಕೈಗಳನ್ನು ಸದಾ ಬೆನ್ನ ಹಿಂದೆ ಕಟ್ಟಿಕೊಂಡಿರುತ್ತಿದ್ದ. ಆ ಅಭ್ಯಾಸ ಎಷ್ಟು ಗಟ್ಟಿಯಾಯಿತೆಂದರೆ ಬಸ್ಸಿನಲ್ಲೂ ಕಂಬಿ ಹಿಡಿಯದೆ ನಿಂತು, ಚಾಲಕ ಬ್ರೇಕ್ ಹಾಕಿದಾಗಲೆಲ್ಲ ಪರಿಚಯವಿಲ್ಲದವರ ತೊಡೆಯ ಮೇಲೆ ಕೂತುಬಿಡುತ್ತಿದ್ದ.

ಅವನ ಹೆಂಡತಿ ಮನೆಯಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡು ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸೊಂಟ ಬಿಡಿಸುವುದು ಇಂಥ ರಿಪೇರಿ ಕೆಲಸ ಮಾಡುತ್ತಿದ್ದಳು. ಇಡೀ ಬೀದಿಯ ಸೊಂಟದ ಸುತ್ತಳತೆ ಅವಳಿಗೆ ಗೊತ್ತಿತ್ತು, ಹಾಗಾಗಿ ಯಾರೂ ಅವಳೊಂದಿಗೆ ಜಗಳಕ್ಕೆ ನಿಲ್ಲುತ್ತಿರಲಿಲ್ಲ. "ಅಲ್ಲಿ ಊರಿಗೆಲ್ಲ ಮುಟ್ಬೇಡಿ ಅಂತೀರಿ ಸರಿ," ಎನ್ನುತ್ತಿದ್ದಳು. "ಇಲ್ಲಿ ಪೊರಕೇನೂ ಮುಟ್ಟಲ್ಲ, ಪಾತ್ರೇನೂ ಮುಟ್ಟಲ್ಲ. ಇದೂ ಇಲಾಖೆ ನಿಯಮಾನಾ?" ಮಾವ ಕೈ ಬೆನ್ನಿಗೆ ಕಟ್ಟಿಕೊಂಡೇ ನಗುತ್ತಿದ್ದ.

ನಿವೃತ್ತಿಗೆ ಇನ್ನೊಂದು ವರ್ಷವಿದೆ ಎನ್ನುವಾಗ ಹೊಸ ನಿರ್ದೇಶಕಿ ಬಂದರು. ಬಂದ ವಾರದಲ್ಲೇ ಎಲ್ಲರನ್ನೂ ಸಭೆಗೆ ಕರೆದು, "ಜನ ಇಲ್ಲಿಗೆ ಮೊದಲಿನಷ್ಟು ಯಾಕೆ ಬರ್ತಿಲ್ಲ, ಹೇಳಿ ನೋಡೋಣ," ಎಂದರು.

"ಫ್ಯಾನ್ ತಿರುಗಲ್ಲ, ಮೇಡಂ," ಎಂದಳು ಟಿಕೆಟಿನವಳು.

"ಅದಲ್ಲ. ನಾವು ಏನನ್ನೂ ಮುಟ್ಟೋಕೆ ಬಿಡಲ್ಲ, ಅದಕ್ಕೆ."

ಎಲ್ಲರೂ ಏಕಕಾಲಕ್ಕೆ ಮಾವನ ಕಡೆ ತಿರುಗಿದರು. ಮೂವತ್ತೊಂದು ವರ್ಷ ತಲೆಮರೆಸಿಕೊಂಡಿದ್ದ ಅಪರಾಧಿ ಕೊನೆಗೂ ಸಿಕ್ಕಿಬಿದ್ದಂತೆ ಆಯಿತು.

ಆದರೆ ಮೇಡಂ ಅವನನ್ನು ದಂಡಿಸಲಿಲ್ಲ, ಬಡ್ತಿ ಕೊಟ್ಟರು. ಮೂರನೇ ಕೋಣೆಯ ಪಕ್ಕದ ಉಗ್ರಾಣವನ್ನು ಖಾಲಿ ಮಾಡಿಸಿ ಅದಕ್ಕೆ "ಸ್ಪರ್ಶಲೋಕ" ಎಂದು ಹೆಸರಿಟ್ಟರು. ಅಲ್ಲಿ ಕೂತು ಕಣ್ಣಿಗೆ ವಿಆರ್ ಕನ್ನಡಕ ಕಟ್ಟಿಕೊಂಡರೆ ಮೂರನೇ ಕೋಣೆ ಇದ್ದ ಹಾಗೇ ಕಾಣುತ್ತದೆ, ಗಾಜು ಮಾತ್ರ ಇರುವುದಿಲ್ಲ, ಯಾವುದನ್ನು ಬೇಕಾದರೂ ಕೈಗೆತ್ತಿಕೊಳ್ಳಬಹುದು. ಮಾವನ ಎದೆಗೆ ಹೊಸ ಬಿಲ್ಲೆ ಬಂತು: ಸ್ಪರ್ಶ ಸಹಾಯಕ.

ಈ ಲೋಕವನ್ನು ಕಟ್ಟಿದವಳು ಗುತ್ತಿಗೆಯ ಮೇಲೆ ಬಂದ ಕಂಪ್ಯೂಟರ್ ಹುಡುಗಿ. ಎರಡು ತಿಂಗಳು ಕ್ಯಾಮೆರಾ ಹಿಡಿದು ಒಂದೊಂದು ವಸ್ತುವನ್ನೂ ಸುತ್ತಮುತ್ತ ಸೆರೆಹಿಡಿದಳು. ಎಲ್ಲ ಮುಗಿದ ಮೇಲೆ ಮೊದಲ ಪರೀಕ್ಷೆಗೆ ಮಾವನನ್ನೇ ಕೂರಿಸಿದಳು. ಕನ್ನಡಕ ಎಂದರೆ ಕನ್ನಡಕವಲ್ಲ, ಪಟ್ಟಿ ಹಾಕಿ ಮುಖಕ್ಕೆ ಬಿಗಿಯುವ ಕಪ್ಪು ಡಬ್ಬಿ. ಅದರೊಳಗೆ ಕಣ್ಣು ಬಿಟ್ಟವನೇ ಮಾವ ಹೌಹಾರಿದ.

"ಗಾಜು ಯಾರಮ್ಮ ತೆಗೆದ್ರು?"

"ಮಾವ, ಅದು ನಿಜವಾದ ಕೋಣೆ ಅಲ್ಲ. ನಿಮ್ಮ ಕೈ ಎಲ್ಲಿ? ಮಷೀನಿಗೆ ಕಾಣ್ತಾನೇ ಇಲ್ಲ."

"ಇರೋ ಕಡೆನೇ ಇದೆ."

"ಬೆನ್ನ ಹಿಂದಿಂದ ಮುಂದೆ ತನ್ನಿ, ಮಾವ."

ಒಂದೊಂದು ಕೈಗೂ ಗುಂಡಿಯಿದ್ದ ಒಂದೊಂದು ಹಿಡಿಯನ್ನು ಕೊಟ್ಟಳು. ಕೈ ಮುಂದಕ್ಕೆ ಬಂದೊಡನೆ ಅದರಿಂದ ಬೆಳಕಿನ ದಾರವೊಂದು ನೇರವಾಗಿ ಹೊರಟಿತು. ದಾರ ಯಾವುದರ ಮೇಲೆ ಬೀಳುತ್ತದೋ ಅದು ಹೊಳೆಯುತ್ತದೆ, ಆಗ ಗುಂಡಿ ಒತ್ತಿದರೆ ವಸ್ತು ಕೈಗೆ ಬರುತ್ತದೆ, ಇಷ್ಟೇ ವಿದ್ಯೆ. ಮಾವ ಕೊನೆಯ ಬೀರುವಿನಲ್ಲಿದ್ದ ಬಾಚಣಿಗೆಗೆ ಗುರಿಯಿಟ್ಟ. ಬಾಚಣಿಗೆ ಹೊಳೆಯಿತು. ಗುಂಡಿ ಒತ್ತಿದ. ಕೈಗೆ ಬಂದದ್ದು ಅದರ ಪಕ್ಕದ ಕೆಟಲು.

"ಒತ್ತೋವಾಗ ಕೈ ಅಲುಗಿತು, ಮಾವ. ಇಲ್ಲಿ ಕೂದಲೆಳೆಯಷ್ಟು ಅಲುಗಿದ್ರೆ ಅಷ್ಟು ದೂರದಲ್ಲಿ ಒಂದು ಗೇಣು ಅಲುಗತ್ತೆ."

"ಆ ಪೀಪಿ ತಗೊಳ್ಳಲಾ?"

"ಅದು ಕಷ್ಟ. ಚಿಕ್ಕದು, ದೂರ ಇದೆ, ಮೇಲಾಗಿ ಜಾಡಿ ಹಿಂದೆ ಇದೆ. ಮುಂದಿರೋದನ್ನ ದಾಟಿ ದಾರ ಹಿಂದಕ್ಕೆ ಹೋಗಲ್ಲ."

"ಹಾಗಾದ್ರೆ ಹತ್ತಿರ ಹೋಗಿ ತಗೋತೀನಿ," ಎಂದು ಮಾವ ಎದ್ದು ನಾಲ್ಕು ಹೆಜ್ಜೆ ಇಟ್ಟ. ದಢಾರ್ ಎಂದು ಹಣೆ ಬಡಿಯಿತು.

"ಗೋಡೆ, ಮಾವ!"

"ಇಲ್ಲಿ ಗೋಡೆ ಇಲ್ವಲ್ಲಮ್ಮ."

"ಇದು ನಿಜವಾದ ಗೋಡೆ."

ಮಾವ ಹಣೆ ಉಜ್ಜಿಕೊಳ್ಳುತ್ತ ಕನ್ನಡಕ ಬಿಚ್ಚಿದ. ಹುಡುಗಿಯ ಮುಖ ಸಣ್ಣದಾಗಿತ್ತು, ಅವನಿಗೋ ಒಳಗೊಳಗೇ ಸಮಾಧಾನ. ಗಾಜಿಲ್ಲ, ಕಾವಲಿಲ್ಲ, ಆದರೂ ಯಾರಿಗೂ ಏನೂ ಸಿಗುವುದಿಲ್ಲ! ತಾನು ಮೂವತ್ತೊಂದು ವರ್ಷ ಗಂಟಲು ಹರಿದುಕೊಂಡು ಮಾಡಿದ ಕೆಲಸವನ್ನು ಈ ಡಬ್ಬಿ ಬಾಯಿ ತೆರೆಯದೆ ಮಾಡುತ್ತಿತ್ತು.

ಉದ್ಘಾಟನೆಯ ದಿನ ಗೊತ್ತಾಯಿತು. ಆಡಳಿತ ಸಮಿತಿಯ ಅಧ್ಯಕ್ಷರು ಸ್ವತಃ ಕನ್ನಡಕ ಧರಿಸಿ ಪೀಪಿಯನ್ನು ಕೈಗೆತ್ತಿಕೊಳ್ಳುವುದು, ಅವರಿಗೆ ಕಾಣುವುದೆಲ್ಲ ಸಭಿಕರಿಗೂ ದೊಡ್ಡ ಪರದೆಯ ಮೇಲೆ ಕಾಣುವುದು ಎಂದು ಮೇಡಂ ನಿಶ್ಚಯಿಸಿದರು. ಬೇರೆ ಯಾವುದಾದರೂ ದೊಡ್ಡ ವಸ್ತುವನ್ನು, ಎದುರಿಗಿರುವುದನ್ನು ಎತ್ತಿಕೊಳ್ಳಲಿ ಎಂದು ಹುಡುಗಿ ಅಂಗಲಾಚಿದಳು. ಆಗಲಿಲ್ಲ. ಆಮಂತ್ರಣ ಪತ್ರಿಕೆಯ ಮೇಲೆ ಪೀಪಿಯ ಚಿತ್ರ ಅಚ್ಚಾಗಿಹೋಗಿತ್ತು, ಕೆಳಗೆ "ಪುಟ್ಟ ಪೀಪಿ, ದೊಡ್ಡ ಇತಿಹಾಸ" ಎಂಬ ಸಾಲು. ಒಂದು ಸಲ ಅಭ್ಯಾಸವನ್ನಾದರೂ ಮಾಡಿಸೋಣವೆಂದು ಕೇಳಿದರೆ ಅಧ್ಯಕ್ಷರು ನಕ್ಕುಬಿಟ್ಟರು. "ನಲವತ್ತು ವರ್ಷದಿಂದ ಸಾರ್ವಜನಿಕ ಜೀವನದಲ್ಲಿದ್ದೀನಿ, ಕೈ ಎತ್ತೋದು ನನಗೆ ಹೇಳಿಕೊಡ್ತೀರಾ?"

ಸಭೆ ತುಂಬಿತ್ತು. ಅಧ್ಯಕ್ಷರ ಕೈಯಿಂದ ಬೆಳಕಿನ ದಾರ ಹೊರಟು ಪರದೆಯ ಮೇಲೆ ನೊಣದ ಹಾಗೆ ಅಲೆದಾಡಿತು. ಕಂಬ ಹೊಳೆಯಿತು, ನೆಲ ಹೊಳೆಯಿತು, ಕಿಟಕಿ ಎರಡು ಸಲ ಹೊಳೆಯಿತು. ಸಭಿಕರು ಕೆಮ್ಮತೊಡಗಿದರು. ಕೊನೆಗೆ ಅಧ್ಯಕ್ಷರು ಬೇಸತ್ತು ಗುಂಡಿಯನ್ನು ಜೋರಾಗಿ ಅದುಮಿದರು. ನೀಲಿ ಹೂವಿನ ಚಿತ್ರವಿದ್ದ, ಒಂದೇ ಹಿಡಿಕೆಯ ಪಿಂಗಾಣಿ ಪಾತ್ರೆಯೊಂದು ತೇಲಿಬಂದು ಅವರ ಕೈಯಲ್ಲಿ ಕೂತಿತು. ಅದರ ಮೇಲೆ ಸೂಚನೆ ಮೂಡಿತು: "ಗೃಹೋಪಯೋಗಿ ಪಾತ್ರೆ."

ಅಧ್ಯಕ್ಷರು ಎದೆಗುಂದುವ ಜಾತಿಯವರಲ್ಲ. ಪೀಪಿ ಹೋದರೆ ಹೋಗಲಿ, ಭಾಷಣಕ್ಕೆ ವಸ್ತು ಸಿಕ್ಕಿತಲ್ಲ. "ನೋಡಿ! ಎಂಥ ಕುಸುರಿ! ನಮ್ಮ ಹಿರಿಯರು ದಿನವೆಲ್ಲ ದುಡಿದು ದಣಿದು ಬಂದು, ಇದೇ ಪಾತ್ರೆಯನ್ನು ಹೀಗೆ ಎರಡೂ ಕೈಯಲ್ಲಿ ಹಿಡಿದು, ಹೀಗೆ ತುಟಿಗೆ..."

"ಮುಟ್ಟಬೇಡಿ!"

ಅದು ಶಾಲೆಯ ಗುಂಪಿಗೆ ಮೀಸಲಾಗಿದ್ದ ಗುಡುಗು. ಅಧ್ಯಕ್ಷರ ಕೈ ತುಟಿಯಿಂದ ಎರಡು ಬೆರಳು ದೂರದಲ್ಲಿ ನಿಂತುಬಿಟ್ಟಿತು. ಮೇಡಂ ಕಣ್ಣಲ್ಲೇ ಮಾವನನ್ನು ಸುಟ್ಟರು. ಅಧ್ಯಕ್ಷರು ಕನ್ನಡಕವನ್ನು ಹಣೆಗೇರಿಸಿ, "ಯಾರದು? ಯಾಕೆ?" ಎಂದರು.

ಮಾವ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ತಲೆ ತಗ್ಗಿಸಿದ. "ಅದು ಕುಡಿಯೋದಲ್ಲ, ಸಾರ್. ಮಂಚದ ಕೆಳಗೆ ಇಟ್ಕೊಳ್ತಿದ್ದಿದ್ದು. ವಯಸ್ಸಾದವರು... ಎದ್ದು ಹೊರಗೆ ಹೋಗೋಕಾಗದೆ ಇದ್ದಾಗ..."

ಮೊದಲು ನಕ್ಕವಳು ಟಿಕೆಟಿನವಳು. ಆಮೇಲೆ ಯಾರು ಯಾರು ನಕ್ಕರೆಂದು ಹೇಳುವುದು ಕಷ್ಟ, ನಗದವರನ್ನು ಎಣಿಸುವುದು ಸುಲಭ: ಅಧ್ಯಕ್ಷರು, ಮೇಡಂ ಮತ್ತು ಹುಡುಗಿ.

ಮೂವರು ಸದಸ್ಯರ ವಿಚಾರಣಾ ಸಮಿತಿ ನೇಮಕವಾಯಿತು. ಹತ್ತು ದಿನ ಕೂತು, ತಪ್ಪೆಲ್ಲ ಸೂಚನೆಯ ಪದದ್ದೆಂದು ಅದು ಕಂಡುಹಿಡಿಯಿತು. "ಗೃಹೋಪಯೋಗಿ" ಎಂಬುದನ್ನು "ಶಯನೋಪಯೋಗಿ" ಎಂದು ತಿದ್ದಲಾಯಿತು. ಆ ಪಾತ್ರೆಯನ್ನು ತಲೆದಿಂಬಿನ ಹಾಗೆ ಬಳಸುತ್ತಿದ್ದರೇನೋ ಎಂದು ಮುಂದೆ ಎಷ್ಟೋ ಜನ ಮಾವನನ್ನು ಕೇಳಿದ್ದುಂಟು. ಹುಡುಗಿಗೆ ಎರಡು ವಾರದ ಗಡುವು ಸಿಕ್ಕಿತು. ಅಷ್ಟರೊಳಗೆ ಎಷ್ಟೇ ದೂರದ, ಎಷ್ಟೇ ಮೂಲೆಯ ವಸ್ತುವಾದರೂ ಯಾರ ಕೈಗಾದರೂ ಮೊದಲ ಯತ್ನಕ್ಕೇ ಸಿಗಬೇಕು.

ಅವಳು ಮೂರನೇ ಕೋಣೆಯ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಮೊದಲ ವಾರ ಕೈಯನ್ನೇ ಉದ್ದ ಮಾಡಿದಳು. ಮಾವ ಕೈ ಚಾಚಿದರೆ ಅದು ರಬ್ಬರಿನ ಹಾಗೆ ಹಿಗ್ಗಿ ಬೀರುವನ್ನು ದಾಟಿ, ಗೋಡೆಯನ್ನೂ ದಾಟಿ, ಬಹುಶಃ ಶೌಚಾಲಯದವರೆಗೆ ಹೋಯಿತು, ವಾಪಸು ಕರೆತರುವುದೇ ದೊಡ್ಡ ರಗಳೆ. ಎರಡನೇ ಸಲ ಇಡೀ ಕೋಣೆಯನ್ನು ಬೊಂಬೆಮನೆಯಷ್ಟು ಕುಗ್ಗಿಸಿ ಅಂಗೈ ಮೇಲೆ ಇಟ್ಟಳು. ಎಲ್ಲವೂ ಕೈಯಳತೆಯಲ್ಲಿತ್ತು ನಿಜ, ಆದರೆ ಪೀಪಿ ಸಾಸಿವೆ ಕಾಳಾಗಿತ್ತು.

"ನನ್ನ ಕೈಲಿ ಆಗಲ್ಲ, ಮಾವ," ಎಂದು ಲ್ಯಾಪ್‌ಟಾಪ್ ಮುಚ್ಚಿ ಕೈಚೆಲ್ಲಿದಳು.

ಮಾವ ಅತ್ತ ಇತ್ತ ನೋಡಿದ. ಯಾರಿಗೂ ಸಲಹೆ ಕೊಟ್ಟು ಅಭ್ಯಾಸವಿಲ್ಲದ ಮನುಷ್ಯ. "ಸೋಮವಾರ ನಮಗೆ ರಜೆ ಅಲ್ವೇನಮ್ಮ, ಅವತ್ತು ಕ್ಯುರೇಟರ್ ಸಾಹೇಬರು ಬೀರು ತೆಗೆದು ಧೂಳು ಒರೆಸ್ತಾರೆ. ನಾನು ಸಾಮಾನಿನ ಪಟ್ಟಿ ಹಿಡ್ಕೊಂಡು ನಿಂತಿರ್ತೀನಿ. ಅವರೂ ಜಾಡಿ ಹಿಂದೆ ಕೈ ತೂರಿಸಿ ಪೀಪಿ ಎಳೆಯಲ್ಲ. ಎಳೆದ್ರೆ ಜಾಡಿ ಬೀಳತ್ತೆ."

"ಮತ್ತೆ?"

"ಒಂದು ತಟ್ಟೆ ಇಟ್ಕೊಂಡಿರ್ತಾರೆ. ಆ ಮೂಲೇಲಿ ಏನೇನಿದೆಯೋ ಅಷ್ಟನ್ನೂ ತೆಗೆದು ತಟ್ಟೆ ಮೇಲೆ ಬಿಡಿಬಿಡಿಯಾಗಿ ಹರಡ್ತಾರೆ. ಆಮೇಲೆ ಬೇಕಾದ್ದು ತಗೋತಾರೆ. ಅಷ್ಟೇ."

ಹುಡುಗಿ ಅವನನ್ನೇ ನೋಡಿದಳು. ಆಮೇಲೆ ಮತ್ತೆ ಲ್ಯಾಪ್‌ಟಾಪ್ ತೆರೆದಳು. ನಾಲ್ಕು ದಿನ ಅವಳು ಊಟಕ್ಕೂ ಸರಿಯಾಗಿ ಏಳಲಿಲ್ಲ. ಐದನೆಯ ದಿನ ಮಾವ ಕನ್ನಡಕ ಕಟ್ಟಿಕೊಂಡು ಪೀಪಿಯ ಕಡೆ ಸುಮಾರಾಗಿ ಕೈ ತೋರಿಸಿದ, ಕೈಯಲ್ಲಿ ಹಿಡಿಯಿಲ್ಲ, ಗುರಿ ಗಿರಿ ಏನೂ ಇಲ್ಲ. ಆ ಮೂಲೆಯ ಆರೇಳು ವಸ್ತುಗಳು ಒಟ್ಟಿಗೆ ಎದ್ದು ಬಂದು ಅವನ ಎದೆಯ ಮುಂದೆ ಒಂದು ತಟ್ಟೆಯ ಮೇಲೆ ಅಂತರ ಬಿಟ್ಟು ಕೂತವು. ಪೀಪಿಯ ಮೇಲೆ ಕೈಯಿಟ್ಟ. ಸಿಕ್ಕಿತು. ಮಾವನ ಮುಖದಲ್ಲಿ ಏನಾಯಿತೆಂದು ಡಬ್ಬಿಯಿಂದಾಗಿ ಕಾಣಲಿಲ್ಲ, ಆದರೆ ಅವನು ತುಂಬ ಹೊತ್ತು ಅದನ್ನು ಕೆಳಗಿಡಲಿಲ್ಲ.

ಆಮೇಲೆ ಜನ ನಿಜವಾಗಿಯೂ ಬಂದರು. ಕೈನಡುಕದ ಅಜ್ಜಿಯೊಬ್ಬಳು ಮೊಮ್ಮಗಳ ಜೊತೆ ಬಂದಾಗ ಮಾವ ಅವಳ ಮೊಣಕೈ ಹಿಡಿದು, "ಅತ್ತ ಕಡೆ ಸುಮ್ನೆ ತೋರಿಸಿ, ಅಜ್ಜಿ, ಸಾಕು. ಹಾಂ, ಬಂತು ನೋಡಿ. ಈಗ... ಈಗ..." ಎಂದು ತಡವರಿಸಿದ. "ಈಗ ಮುಟ್ಟಿ," ಎಂದ ಕೊನೆಗೆ, ಪಕ್ಕದಲ್ಲಿ ಯಾರಾದರೂ ಕೇಳಿಸಿಕೊಂಡರೇನೋ ಎಂದು ಸುತ್ತ ನೋಡಿದ. ಅಜ್ಜಿ ಪೀಪಿಯನ್ನು ಬಾಯಿಗಿಟ್ಟು ಊದಿದಳು, ಕಂಪ್ಯೂಟರ್ ಹುಡುಗಿ ಸೇರಿಸಿದ್ದ ಸದ್ದು ಬಂತು. ಅಜ್ಜಿ ಕನ್ನಡಕ ಬಿಚ್ಚಿಕೊಡಲು ಒಪ್ಪದೆ ಇನ್ನೂ ಎರಡು ಸಲ ಊದಿದಳು.

ದಿನ ಕಳೆದಂತೆ ಮಾವನಿಗೆ ಆ ಮಾತು ಸಲೀಸಾಯಿತು. ಮುಟ್ಟಿ, ಎತ್ತಿ, ತಿರುಗಿಸಿ ನೋಡಿ, ಬಿದ್ದರೂ ಒಡೆಯಲ್ಲ, ಹೆದರಬೇಡಿ. ಮನೆಗೆ ಬಂದು ಒಂದು ಸಂಜೆ ತಾನಾಗಿಯೇ ಲೋಟ ತೊಳೆದಿಟ್ಟ. ಹೆಂಡತಿ ಅವನ ಹಣೆ ಮುಟ್ಟಿ ಜ್ವರವಿದೆಯೇನೋ ಎಂದು ನೋಡಿದಳು.

ಒಡೆಯುವುದಿಲ್ಲ ಎಂಬ ಸುದ್ದಿ ಹರಡಿದ್ದೇ ತೊಂದರೆಯಾಯಿತು. ಕಾಲೇಜಿನವರು ಬಂದು ಜಾಡಿಗಳನ್ನು ಒಂದರ ಮೇಲೊಂದು ಪೇರಿಸಿ ಕೆಡವಿದರು. ಯಾರೋ ಇಬ್ಬರು ಬಾಚಣಿಗೆಯನ್ನು ಬ್ಯಾಟು ಮಾಡಿಕೊಂಡು ಉಪ್ಪಿನ ಡಬ್ಬಿಯನ್ನು ಕಿಟಕಿಯಾಚೆ ಬಾರಿಸಿದರು. ಆ ಶಯನೋಪಯೋಗಿ ಪಾತ್ರೆಯನ್ನು ಕಿರೀಟದಂತೆ ತಲೆಗೆ ಹಾಕಿಕೊಂಡು ಅಧ್ಯಕ್ಷರ ದನಿಯಲ್ಲಿ ಭಾಷಣ ಮಾಡುವುದಂತೂ ಒಂದು ವಾಡಿಕೆಯೇ ಆಯಿತು. ಇತಿಹಾಸದ ವಿದ್ವಾಂಸರೊಬ್ಬರು ಪತ್ರಿಕೆಗೆ ಪತ್ರ ಬರೆದರು: ಪರಂಪರೆಗೆ ಅಪಮಾನ, ವಸ್ತುಗಳ ಘನತೆಗೆ ಧಕ್ಕೆ. ಅಧ್ಯಕ್ಷರು ಆ ಪತ್ರಕ್ಕಾಗಿಯೇ ಕಾಯುತ್ತಿದ್ದಂತೆ ಸಭೆ ಕರೆದರು.

ತೀರ್ಮಾನ ಒಮ್ಮತದಿಂದ ಆಯಿತು. ಸ್ಪರ್ಶಲೋಕದ ಒಳಗಿನ ಬೀರುಗಳಿಗೆ ಗಾಜು ಹಾಕಿಸುವುದು.

"ಕನ್ನಡಕದ ಒಳಗೇ ಗಾಜಾ?" ಎಂದಳು ಹುಡುಗಿ.

"ಹೊರಗೆ ಇದೆಯಲ್ಲ, ಹಾಗೇ," ಎಂದರು ಮೇಡಂ. "ಯಾರಾದ್ರೂ ಕೈ ಚಾಚಿದ್ರೆ ಒಂದು ಎಚ್ಚರಿಕೆ ಕೇಳಿಸಬೇಕು. ದನಿ ನಮ್ಮಲ್ಲೇ ಇದೆ."

ಹಾಗಾಗಿ ಮಾವನನ್ನು ಮೈಕಿನ ಮುಂದೆ ಕೂರಿಸಿದರು. ಅವನು ಹಿರಿಯರಿಗೆ ಹೇಳುವ ಧಾಟಿಯಲ್ಲಿ ಹೇಳಿದ. ಸಾಲದು ಎಂದರು. ಶಾಲೆಯ ಧಾಟಿಯಲ್ಲಿ ಹೇಳಲು ಹೋದ, ಗುಡುಗು ಬರಲೇ ಇಲ್ಲ. ಏಳೆಂಟು ತಿಂಗಳು ಬಳಸದೆ ತುಕ್ಕು ಹಿಡಿದಿತ್ತು. ಹದಿನಾರನೇ ಯತ್ನಕ್ಕೆ ಮೇಡಂ, "ಇದು ಬೇಡ ಅನ್ನೋ ಹಾಗಿಲ್ಲ, ದಯವಿಟ್ಟು ಮುಟ್ಟಿ ಅನ್ನೋ ಹಾಗಿದೆ," ಎಂದು ಬೇಸರಪಟ್ಟು ಟಿಕೆಟಿನವಳನ್ನು ಕೂರಿಸಿದರು. ಅವಳು ಮೊದಲ ಸಲಕ್ಕೇ ಹೇಳಿದ ರೀತಿಗೆ ಮೈಕು ಹಿಡಿದವನು ಮೈಕಿನಿಂದ ಕೈ ತೆಗೆದ.

ಗಾಜು ಬಂತು. ಕನ್ನಡಕ ಕಟ್ಟಿಕೊಂಡವರು ಕೂತಲ್ಲೇ ಗಾಜಿನಾಚೆಯ ಬಾಚಣಿಗೆ ನೋಡಿ, ಪಕ್ಕದ ಕೋಣೆಯಲ್ಲಿ ಡಬ್ಬಿ ಕಟ್ಟಿಕೊಳ್ಳದೆಯೂ ಇದೇ ಕಾಣುತ್ತದಲ್ಲ ಎಂದು ಎದ್ದು ಹೋಗತೊಡಗಿದರು. ವರ್ಷದ ವರದಿಯಲ್ಲಿ ಮೇಡಂ ಬರೆದರು: "ಸ್ಪರ್ಶಲೋಕವು ಈಗ ವಾಸ್ತವಕ್ಕೆ ಪೂರ್ತಿಯಾಗಿ ಸಮನಾಗಿದೆ." ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮಾವ ನಿವೃತ್ತನಾದ ದಿನವೇ ಹುಡುಗಿಯ ಗುತ್ತಿಗೆಯೂ ಮುಗಿಯಿತು. ಬೀಳ್ಕೊಡುಗೆಗೆ ಸಿಬ್ಬಂದಿಯೆಲ್ಲ ಸೇರಿ ಅವನಿಗೆ ಗೋಡೆ ಗಡಿಯಾರ ಕೊಟ್ಟರು. ಹುಡುಗಿ ಪಟ್ಟಿ ಸಡಿಲವಾಗಿ ಮೂಲೆಗೆ ಬಿದ್ದಿದ್ದ ಒಂದು ಹಳೆಯ ಕನ್ನಡಕವನ್ನು ಕಚೇರಿಯಿಂದ ಲಿಖಿತವಾಗಿ ಕೇಳಿ ಪಡೆದು, ಚೀಲದಲ್ಲಿಟ್ಟು ಅವನ ಕೈಗೆ ಕೊಟ್ಟಳು. "ಇದೊಂದಕ್ಕೆ ಗಾಜು ಹಾಕೋಕೆ ಮರ್ತುಹೋಯ್ತು, ಮಾವ," ಎಂದಳು. ಮುಖದಲ್ಲಿ ನಗುವಿನ ಸುಳಿವೇ ಇರಲಿಲ್ಲ.

ಮರುದಿನ ಮಧ್ಯಾಹ್ನ ಹೆಂಡತಿ ಹೊಲಿಗೆ ನಿಲ್ಲಿಸಿ ಅದನ್ನು ಕಟ್ಟಿಕೊಂಡಳು. ಸಡಿಲ ಪಟ್ಟಿಗೆ ಮೊದಲು ಎರಡು ಹೊಲಿಗೆ ಹಾಕಿದ್ದಳು. ಮೂವತ್ತೆರಡು ವರ್ಷದಲ್ಲಿ ಗಂಡನ ಕೋಣೆಯನ್ನು ಅವಳು ನೋಡಿದ್ದು ಒಂದೇ ಸಲ, ಅದೂ ಮದುವೆಯ ಹೊಸದರಲ್ಲಿ. ಈಗ ಸ್ಟೂಲಿನ ಮೇಲೆ ಕೂತು ಅತ್ತ ಇತ್ತ ತಿರುಗಿ ನೋಡಿದಳು.

"ಏನ್ರೀ ಇದು, ಹೀಗಾ ಇಟ್ಟಿರೋದು? ಬಾಚಣಿಗೆ ಪಕ್ಕದಲ್ಲಿ ಕೆಟಲು! ಉಪ್ಪಿನ ಡಬ್ಬಿ ಕೀಲಿಕೈ ಜೊತೆ!"

"ಅದು ಕಾಲಮಾನದ ಪ್ರಕಾರ," ಎಂದ ಮಾವ.

"ಯಾವ ಮನೇಲಿ ಕಾಲಮಾನದ ಪ್ರಕಾರ ಸಾಮಾನು ಇಡ್ತಾರೆ? ಒಬ್ಬರೂ ಸಂಸಾರ ಮಾಡಿದವರು ಅಲ್ಲಿ ಇರಲಿಲ್ವಾ?"

ಅವಳು ಕೈ ಚಾಚಿದಳು. ತಟ್ಟೆ ಬಂದಿರಬೇಕು, ಬೆರಳುಗಳು ಅಂಗಿಯ ಗುಂಡಿ ಆರಿಸುವ ಹಾಗೆ ಗಾಳಿಯಲ್ಲಿ ಆಡಿದವು. ಒಂದೊಂದನ್ನೇ ಎತ್ತಿ ಬಲಕ್ಕೆ, ಎಡಕ್ಕೆ, ಕೆಳಗೆ ಇಡತೊಡಗಿದಳು. ಮಾವನಿಗೆ ಕಾಣುತ್ತಿದ್ದದ್ದು ಖಾಲಿ ಗಾಳಿ ಮತ್ತು ಹೆಂಡತಿಯ ಕೈ ಮಾತ್ರ.

"ಸೌಟು ಎಲ್ಲಿ?"

"ನಾಲ್ಕನೇ ಬೀರು, ಮೇಲಿನ ಹಲಗೆ. ಎರಡು ಚಾಕುವಿನ ಹಿಂದೆ."

"ಚೊಂಬು?"

"ಅದರ ಎಡಕ್ಕೆ. ಬಾಯಿ ಸ್ವಲ್ಪ ಸೊಟ್ಟಗಿದೆ ನೋಡು, ಅದೇ."

"ಸಿಕ್ತು," ಎಂದು ಅವನ ದನಿ ಬಂದ ಕಡೆ ತಿರುಗಿದಳು. "ಸ್ವಲ್ಪ ಆ ಕಡೆ ಸರೀರಿ, ನೀವು ನಾನಿಟ್ಟ ಒಲೆ ಮೇಲೆ ನಿಂತಿದ್ದೀರಿ."

ಮಾವ ಗೋಡೆಯ ಕಡೆ ಎರಡು ಹೆಜ್ಜೆ ಸರಿದು ನೆಲದ ಮೇಲೆ ಕೂತ. ಅವಳು ಒಲೆಯ ಪಕ್ಕ ಉಪ್ಪಿನ ಡಬ್ಬಿ ಇಟ್ಟು, ನೀರಿನ ಜಾಡಿಗೆ ಜಾಗ ಹುಡುಕುತ್ತಿದ್ದಳು.